ಬಿಂದಿಗೆಯ ಮಾತು

ಮೊನ್ನೆ ಹಿಂದೂಪುರದ ಮಾರ್ಕೆಟ್ ಯಾರ್ಡಿನ ಮುಂದೆ ಹಾದು ಬರುವಾಗ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರುವ ಬದಲು ನನಗೆ ಪಕ್ಕದ ಮನೆಯ ಅಕ್ಕ ನೆನಪಾದಳು. ಜಗಲಿಯ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುವುದು ಅವಳ ಕೆಲಸ. ಕಲ್ಯಾಣದುರ್ಗದಿಂದ ಒಬ್ಬಳೇ ಬಂದು ನಮ್ಮ ಬೀದಿಯಲ್ಲಿ ನೆಲೆಸಿದ್ದಳು. ಬೀದಿಯ ಸುದ್ದಿಯನ್ನೆಲ್ಲ ಬಾಯ್ತುಂಬ ಆಡುವವಳು ತನ್ನೂರಿನ ಮಾತು ಬಂದರೆ ಮಾತ್ರ ಸುಮ್ಮನಾಗುತ್ತಿದ್ದಳು...

ಒಮ್ಮೆ ಕೊಲೆ ಕತೆಯ ಸಿನಿಮಾದವರು ಬೆಂಗಳೂರಿನಿಂದ ನಮ್ಮೂರಿಗೆ ಬಂದರು. ಬಣ್ಣ ಬಳಿದ ಮುಖಗಳು ಬೇಡ, ಊರಿನವರೇ ಬೇಕು ಎಂದರು. ಅಕ್ಕನಿಗೆ ಸಿಕ್ಕಿದ್ದು ಪುಟ್ಟ ಪಾತ್ರ. ಪೊಲೀಸರು ಕೇಳಿದಾಗ ತಾನೇನೂ ನೋಡಿಲ್ಲ ಎನ್ನಬೇಕು, ಅಷ್ಟೆ. ನಿನ್ನ ಮಾತಿನಲ್ಲೇ ಹೇಳಮ್ಮ ಎಂದನಂತೆ ನಿರ್ದೇಶಕ.

ಸಿನಿಮಾ ಬಂದಾಗ ಟಾಕೀಸಿನಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ತೆರೆಯ ಮೇಲೆ ಅಕ್ಕ ಮೆಲ್ಲಗೆ ಅಂದಳು:

"ನಾನೇನೂ ನೋಡ್ಲಿಲ್ಲ ಸಾಮಿ. ಬಿದ್ದಿದ್ದೋನು ನೀರು ಕೇಳ್ದ. ಕೊಡಾಕೋದ್ರೆ ನನ್ ಬಿಂದಿಗೇನ ಕಾಲಾಗೆ ಒದ್ಬುಟ್ರು..."

ನೋಡಿಲ್ಲ ಎನ್ನುತ್ತಲೇ ಎಲ್ಲವನ್ನೂ ಒಪ್ಪಿಸುವ ಆ ಹೆಂಗಸಿಗೆ ಜನ ಶಿಳ್ಳೆ ಹೊಡೆದರು. ನಾನೂ ಹೊಡೆದೆ.

ಮನೆಗೆ ಬರುವ ದಾರಿಯಲ್ಲಿ, ಇನ್ನು ಹೀರೋಯಿನ್ನುಗಳೆಲ್ಲ ನಿನ್ನ ಜಗಲಿಯ ಮುಂದೆ ಕ್ಯೂ ನಿಲ್ಲಬೇಕು ಎಂದು ರೇಗಿಸಿದೆ. ಅವಳು ನಗಲಿಲ್ಲ.

"ಆಕ್ಟಿಂಗ್ ಎಲ್ಲಿ ಬತ್ತದೆ ಕಣಪ್ಪ ನಂಗೆ? ಕಲ್ಯಾಣದುರ್ಗದಾಗೆ ಕಣ್ಣಾರೆ ಕಂಡಿದ್ದೇ ಬಾಯಿಗೆ ಬಂದ್ಬುಡ್ತು. ಆವತ್ತು ಪೊಲೀಸ್ನೋರಿಗೆ ನೋಡಿಲ್ಲ ಅಂದ್ಬುಟ್ಟೆ. ಬಾಯಿ ಬಿಟ್ರೆ ನಿನ್ನೂ ಉಳ್ಸಲ್ಲ ಅಂದಿದ್ರು ಕೊಂದೋರು."

ಆ ಬಿಂದಿಗೆಯ ವಿಷಯ ಕೊಂದವರಿಗೂ ಅವಳಿಗೂ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಈಗ ಟಾಕೀಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು.

ಸಿನಿಮಾ ಇನ್ನೂ ಓಡುತ್ತಿತ್ತು. ಬಿಳಿ ಪಂಚೆಯ ಒಬ್ಬರು ಹುಣಸೆಹಣ್ಣು ಕೊಳ್ಳುವ ನೆಪದಲ್ಲಿ ಅವಳ ಜಗಲಿಗೆ ಬಂದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವರು ಹಣ್ಣಿನ ಕಡೆ ನೋಡಲೂ ಇಲ್ಲ.

"ಬಾಗಾ ಚೇಸಿನಾವಕ್ಕಾ," ಎಂದು ತೆಲುಗಿನಲ್ಲಿ ಮೆಚ್ಚಿಕೊಂಡು, ನಗುತ್ತಲೇ ಕೇಳಿದರು, "ಆ ಬಿಂದಿಗೆ ಮಾತು ಯಾರು ಹೇಳ್ಕೊಟ್ಟಿದ್ದು?"

"ಡೈರೆಕ್ಟ್ರು... ಡೈರೆಕ್ಟ್ರೇ ಹೇಳ್ಕೊಟ್ರಪ್ಪ."

ಊರನ್ನೇ ನಂಬಿಸಿದ್ದ ಅಕ್ಕ ಆ ಒಂದು ಸುಳ್ಳಿಗೆ ತೊದಲಿದಳು. ಅವರು ಅವಳ ಮುಖವನ್ನೇ ನೋಡಿದರು. ನೀರು ಕೇಳಿ ಕುಡಿದರು. "ಬತ್ತೀನಕ್ಕ," ಎಂದು ಎದ್ದು ಹೋದರು.

ಮರುದಿನ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು. ಅರ್ಧ ಕುಟ್ಟಿದ ಹಣ್ಣು ಜಗಲಿಯಲ್ಲೇ ಇತ್ತು. ರೊದ್ದಂ ಬಸ್ಸು ಹತ್ತಿದ್ದನ್ನು ಕಂಡೆ ಎಂದರು ಒಬ್ಬರು. ಯಾರೋ ಜೀಪಿನಲ್ಲಿ ಕರೆದೊಯ್ದರು ಎಂದರು ಇನ್ನೊಬ್ಬರು... ನಾನು ಬಸ್ಸಿನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಆ ಸಿನಿಮಾ ಈಗ ಮೊಬೈಲಿನಲ್ಲೇ ಸಿಗುತ್ತದೆ. ಎಂಥ ಸಹಜ ಅಭಿನಯ ಎಂದು ಜನ ಕೆಳಗೆ ಬರೆಯುತ್ತಲೇ ಇರುತ್ತಾರೆ. ಆಕೆ ಯಾರು, ಮತ್ತೆ ಯಾವ ಸಿನಿಮಾದಲ್ಲೂ ಯಾಕೆ ಕಾಣಲಿಲ್ಲ ಎಂದು ಒಬ್ಬ ಕೇಳಿದ್ದ. ಉತ್ತರ ಬರೆಯಲು ಹೋಗಿ ಅಳಿಸಿಬಿಟ್ಟೆ. ಅವಳು ಎಲ್ಲೋ ಬದುಕಿದ್ದರೆ, ನಾನು ಬರೆಯುವ ಒಂದು ಸಾಲು ಅವಳನ್ನು ತೋರಿಸಿಕೊಟ್ಟೀತು. ಬದುಕಿಲ್ಲ ಎಂದು ಬರೆಯಲು ನನ್ನ ಕೈಲಿ ಆಗುವುದಿಲ್ಲ.