ಕಾರಿನಲ್ಲಿ ಉಂಡ ಪುಳಿಯೋಗರೆ

ಅಮೆರಿಕದ ಮಿಲ್ಪಿಟಾಸಿನ ನಮ್ಮ ಮನೆಗೆ ಊಟಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, "ಏನಾದ್ರೂ ತಿಂದ್ಕೊಂಡು ಬಂದ್ರಾ?" ಎಂದು ಕೇಳುವ ಚಾಳಿ ನನಗಿದೆ. ಸ್ಯಾನ್ ಮಟಿಯೋದಿಂದ ಬರುವ ಗೆಳತಿಯರು ನಗುತ್ತಾರೆ. ನಗಲಿ. ತಿಂದು ಬಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಅಂಥವರಲ್ಲಿ ಮೊದಲನೆಯವಳು ನಾನೇ.

ಎಂಬತ್ತರ ದಶಕದ ನಡುವೆ ನಮ್ಮವರನ್ನು ಆಫೀಸಿನವರು ಎರಡು ತಿಂಗಳ ಕೆಲಸಕ್ಕೆ ಜಪಾನಿಗೆ ಕಳಿಸಿದರು. ನಾನೂ ಐದು ವರ್ಷದ ಮಗಳೂ ಜೊತೆಗೆ ಹೊರಟೆವು. ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಇದ್ದದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ. ತಂದದ್ದು ಒಳ್ಳೆಯದೇ ಆಯಿತು ಅಂದುಕೊಂಡೆ. ಮೊದಲ ವಾರವೇ ಹೋಟೆಲೊಂದರಲ್ಲಿ ಬರೀ ತರಕಾರಿ ಸಾಕೆಂದು ಹತ್ತು ಸಲ ಹೇಳಿದ ಮೇಲೂ, ತಟ್ಟೆಯ ಮೇಲೆ ತುರಿದ ಒಣಮೀನು ಬಿಸಿಗೆ ನುಲಿಯುತ್ತಾ ಕೂತಿತ್ತು. ಈ ದೇಶದಲ್ಲಿ ಯಾರ ಅಡಿಗೆಯನ್ನೂ ನಂಬಬಾರದೆಂದು ಅವತ್ತೇ ತೀರ್ಮಾನಿಸಿದೆ.

ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಜಪಾನಿ ಇಂಜಿನಿಯರೊಬ್ಬರು ಒಂದು ಭಾನುವಾರ ತಮ್ಮ ಹುಟ್ಟೂರಿಗೆ ಕರೆದರು. ರೈಲು ಬರುವ ಮುಂಚೆ ಜನ ಬೆಟ್ಟದ ಹೆದ್ದಾರಿಯಲ್ಲಿ ನಡೆದೋ ಕುದುರೆಯ ಮೇಲೋ ಹೋಗುತ್ತಿದ್ದ ಕಾಲದಲ್ಲಿ, ಕುದುರೆ ಬದಲಾಯಿಸುವುದಕ್ಕೆ, ರಾತ್ರಿ ತಂಗುವುದಕ್ಕೆ ಎಂದು ಎದ್ದ ಊರು ಅದು. ಹಳೆಯ ಮನೆಗಳನ್ನು ಕೆಡವದೆ, ಹೊರಗಿನವರಿಗೆ ಮಾರದೆ, ಊರವರೇ ಹಾಗೇ ಉಳಿಸಿಕೊಂಡಿದ್ದರು. ಇಂಜಿನಿಯರದೂ ಒಂದು ಕಾಲಕ್ಕೆ ದಾರಿಹೋಕರನ್ನು ಉಳಿಸಿಕೊಂಡು ಊಟ ಹಾಕುತ್ತಿದ್ದ ಮನೆಯಂತೆ. ಮಧ್ಯಾಹ್ನ ತಮ್ಮ ತಾಯಿ ಏನೋ ಸ್ವಲ್ಪ ಬಡಿಸುತ್ತಾರೆ ಎಂದರು.

ಊರ ಹೊರಗೆ ಕಾರು ನಿಲ್ಲಿಸಿ, ನಾವು ಬಂದದ್ದನ್ನು ತಾಯಿಗೆ ಹೇಳಿಬರಲು ಅವರು ಮುಂದೆ ನಡೆದರು. ಅವರು ಮರೆಯಾದದ್ದೇ ತಡ, ನಾನು ಚೀಲದಿಂದ ಡಬ್ಬಿ ತೆಗೆದೆ.

"ಊಟಕ್ಕೆ ಕರೆದಿದ್ದಾರಲ್ಲೇ," ಎಂದರು ನಮ್ಮವರು.

"ರೀ, ಸುಮ್ನೆ ತಿನ್ನಿ. ಅಲ್ಲಿ ಮೀನಿನ ಸಾರು ತಂದಿಟ್ರೆ ಏನ್ಮಾಡ್ತೀರಾ? ರಿಸ್ಕು ಯಾಕೆ? ಆಮೇಲೆ ಶಾಸ್ತ್ರಕ್ಕೆ ಒಂದ್ ಚೂರು ಬಾಯಿಗಿಟ್ಕೊಂಡ್ರಾಯ್ತು."

ಮಗಳು ಸಾಕೆಂದರೂ ಬಿಡದೆ ತುತ್ತು ಮಾಡಿ ತುರುಕಿದೆ. ಕಾರೆಲ್ಲ ಇಂಗಿನ ವಾಸನೆ. ಗಾಜು ಇಳಿಸಿ, ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿ, ಬಾಯಿ ಒರೆಸಿಕೊಂಡು ಸಂಭಾವಿತರಂತೆ ಕೂತೆವು.

ಅವರು ಬಂದು ಕರೆದೊಯ್ದರು. ಕಿರಿದಾದ ಬೀದಿಯ ಎರಡೂ ಕಡೆ ಕಪ್ಪು ಮರದ ಮನೆಗಳು, ಸೂರಿನಿಂದ ದಾರಕ್ಕೆ ಕಟ್ಟಿ ಇಳಿಬಿಟ್ಟ ಒಣಗುವ ಹಣ್ಣುಗಳು. ಎಲ್ಲೂ ಕರೆಂಟಿನ ತಂತಿ ಕಾಣುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನಡುಮನೆಯ ನೆಲದಲ್ಲೇ ಬೆಂಕಿಯ ಗುಂಡಿ, ಅದರ ಮೇಲೆ ತೂಗುಬಿಟ್ಟ ಕೆಟಲು. ಅವರ ತಾಯಿ ನನ್ನ ಅತ್ತೆಯ ವಯಸ್ಸಿನವರು. ನೆಲಕ್ಕೆ ಹಣೆ ತಾಗುವಂತೆ ಬಗ್ಗಿ ನಮಸ್ಕರಿಸಿದರು. ಒಬ್ಬೊಬ್ಬರ ಮುಂದೂ ಒಂದೊಂದು ಪುಟ್ಟ ಮಣೆ ಬಂತು, ಅದರ ಮೇಲೆಯೇ ಊಟ. ಕಾಡಿನ ಸೊಪ್ಪು, ಅಣಬೆ, ತೋಫು, ಚೆಸ್ಟ್‌ನಟ್ ಹಾಕಿದ ಅನ್ನ, ಮುಚ್ಚಿದ ಬಟ್ಟಲಲ್ಲಿ ಸಾರು.

ನಾನು ಸಾರಿನ ಮುಚ್ಚಳ ತೆಗೆದು ಮೂಸಿ ನೋಡಿದೆ. ಹೌದು, ಮೂಸಿದೆ. ಅದನ್ನು ಕಂಡು ಆ ಇಂಜಿನಿಯರು ಮೆಲ್ಲಗೆ ವಿವರಿಸಿದರು. ಅಲ್ಲಿನ ದೇವಾಲಯದ ಸನ್ಯಾಸಿಗಳು ಮೀನು ಮುಟ್ಟುವುದಿಲ್ಲ. ಅಮ್ಮ ಅವರ ಅಡಿಗೆಮನೆಗೆ ಹೋಗಿ ಮೀನಿಲ್ಲದ ಸಾರು ಕಲಿತು ಬಂದರು. ಮನೆಯ ಪಾತ್ರೆಗಳಲ್ಲೆಲ್ಲ ಮೀನು ಬೆಂದಿರುವುದರಿಂದ ನಮಗಾಗಿ ಹೊಸ ಪಾತ್ರೆ ಕೊಂಡರು.

ಮಡಿ ಮಡಿ ಎಂದು ಹಾರಾಡುವ ನಮ್ಮ ಜನರಲ್ಲೂ, ಗುರುತಿಲ್ಲದ ಅತಿಥಿಗಾಗಿ ಹೊಸ ಪಾತ್ರೆ ಕೊಂಡವರನ್ನು ನಾನು ಕಂಡಿರಲಿಲ್ಲ. ಹೊಟ್ಟೆಯಲ್ಲಿ ಮಾತ್ರ ಒಂದು ಅಗಳಿಗೂ ಜಾಗವಿಲ್ಲ.

ಅಷ್ಟರಲ್ಲಿ ಮಗಳು ಮಣೆ ದೂಡಿ, "ಐ ಯಾಮ್ ಫುಲ್, ಅಮ್ಮಾ. ವಿ ಏಟ್ ಇನ್ ದ ಕಾರ್," ಎಂದಳು.

ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಗು ಏನೆಂದಿತು ಎಂಬಂತೆ ಮಗನ ಮುಖ ನೋಡಿದರು. ಇಂಜಿನಿಯರು ಮಗಳ ಕಡೆ ಒಮ್ಮೆ ನೋಡಿ, ಜಪಾನಿಯಲ್ಲಿ ಒಂದೇ ಒಂದು ಮಾತು ಹೇಳಿದರು. ಆ ತಾಯಿ ಗಾಬರಿಯಿಂದ ಎದ್ದು ಬಂದು ಮಗಳ ಹಣೆ ಮುಟ್ಟಿ ನೋಡಿದರು. ನಮ್ಮ ಮಣೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಬಿಸಿ ಚಹಾ ತಂದಿಟ್ಟರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ. ನಮ್ಮವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಇಂಜಿನಿಯರು ಊರೆಲ್ಲ ತಿರುಗಿಸಿದರು. ದೊರೆಗಳು ತಂಗುತ್ತಿದ್ದ ಮನೆ, ಕುದುರೆಗಳ ನೀರಿನ ತೊಟ್ಟಿ, ಹುಲ್ಲಿನ ಚಪ್ಪಲಿ ಹೆಣೆಯುವ ಅಂಗಡಿ. ನಾನು ತಲೆಯಾಡಿಸಿದೆ, ಏನೂ ನೋಡಲಿಲ್ಲ.

ಮರುವರ್ಷ ಅವರು ಕೆಲಸದ ಮೇಲೆ ನಮ್ಮ ಕಡೆ ಬಂದಾಗ ಹಟ ಹಿಡಿದು ಊಟಕ್ಕೆ ಕರೆದೆ. ಹೋಳಿಗೆ, ಬಿಸಿಬೇಳೆ ಭಾತು, ಕೋಸಂಬರಿ, ಎಲ್ಲ ಮಾಡಿದ್ದೆ. ಬಡಿಸಿದ್ದನ್ನೆಲ್ಲ ಉಂಡರು, ಎರಡನೆಯ ಸಲವೂ ಹಾಕಿಸಿಕೊಂಡರು. ಕೈ ತೊಳೆದು ಬಂದು ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು. ಉಪ್ಪು ಹಾಕಿ ಒಣಗಿಸಿದ ಕೆಂಪು ಪ್ಲಮ್ ಹಣ್ಣು, ಅವರ ತಾಯಿ ಕಳಿಸಿದ್ದು. ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಬಹಳ ಒಳ್ಳೆಯದಂತೆ. ಅವತ್ತು ಕಾರಿನಲ್ಲಿ ಮೂವರಿಗೂ ಹೊಟ್ಟೆ ಕೆಟ್ಟಿತ್ತಲ್ಲ, ಮಗು ಈಗ ಹೇಗಿದೆ ಎಂದು ಅಮ್ಮ ಈಗಲೂ ಕೇಳುತ್ತಾರೆ ಎಂದರು. ಹೇಳುವಾಗ ನನ್ನನ್ನು ನೋಡದೆ ಪೊಟ್ಟಣದ ದಾರ ಬಿಚ್ಚುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ನಿಮ್ಮ ಅಮ್ಮನಿಗೆ ನಿಜ ಹೇಳಿಬಿಡಿ ಎಂದೆ.

"ಬೇಡ," ಎಂದರು ಅವರು. "ಆ ಪಾತ್ರೇಲಿ ಅಮ್ಮ ಬೇರೆ ಏನನ್ನೂ ಬೇಯಿಸಿಲ್ಲ. ನೀವು ಇನ್ನೊಂದು ಸಲ ಬರ್ತೀರಿ ಅಂತ ತೆಗೆದಿಟ್ಟಿದ್ದಾರೆ."

ನಾನು ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡೆ. ಉಪ್ಪಿಗೂ ಹುಳಿಗೂ ಕಣ್ಣಲ್ಲಿ ನೀರು ಬಂತು. ನುಂಗಿಕೊಂಡು, ಹೊಟ್ಟೆ ಈಗ ಸರಿಯಾಗಿದೆ ಅಂತ ಅಮ್ಮನಿಗೆ ಹೇಳಿ ಎಂದೆ.