ಆಂಜಿನಮ್ಮನಿಗೆ ಇಕ್ಕಿದ ಮುದ್ದೆ

ಆಂಜಿನಮ್ಮನ ಸುದ್ದಿ ಬೈರಮ್ಮನ ಕಿವಿಗೆ ಮೊದಲು ಬಿದ್ದದ್ದು ಹಿಪ್ಪುನೇರಳೆ ತೋಟದಲ್ಲಿ. ಮೈದುನ ಕದಿರಪ್ಪನಿಗೆ ಹೆಣ್ಣು ನೋಡಲು ಗೌನಿಪಲ್ಲಿಗೆ ಹೋಗಿದ್ದ ಅತ್ತೆ ದೊಡ್ಡಗಂಗಮ್ಮ ಬಸ್ಸಿಳಿದವಳೇ ಮನೆಗೂ ಹೋಗದೆ ತೋಟಕ್ಕೆ ಬಂದಿದ್ದಳು.

"ಹುಡುಗಿ ಹೆಂಗವ್ಳೆ ಅತ್ತೆ?"

"ಬಣ್ಣ ಗಿಣ್ಣ ನಾನು ನೋಡ್ಲಿಲ್ಲಮ್ಮ, ಉಣ್ಣೋದು ನೋಡ್ದೆ. ನನ್ನೆದುರಿಗೇ ಕೂತು ಎರಡು ಮುದ್ದೆ ನುಂಗಿದ್ಲು, ಇನ್ನೊಂದಕ್ಕೆ ಅವ್ರಮ್ಮನ ಮುಖ ನೋಡಿದ್ಲು. ಇಂಥೋಳು ಕಣೇ ನಮ್ಮನೆಗೆ ಬೇಕಾದೋಳು!"

ಬೈರಮ್ಮ ಸೊಪ್ಪಿನ ಕುಕ್ಕೆ ಕೆಳಗಿಟ್ಟು ನಕ್ಕಳು. "ಹಂಗಾದ್ರೆ ಇನ್ಮೇಲೆ ದೊಡ್ಡ ಮಡಕೇಲೇ ಎಸರಿಡ್ಬೇಕು ಬಿಡಿ."

ಆಂಜಿನಮ್ಮ ಸೊಸೆಯಾಗಿ ವಕ್ಕಲೇರಿ ಪಕ್ಕದ ಅವರ ಹಳ್ಳಿಗೆ ಬಂದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಕೆರೆಯ ಹೂಳು ಎತ್ತಿದ ಕೂಲಿಗೆ ಸರ್ಕಾರ ಗೋಧಿ ಅಳೆದು ಕೊಡುತ್ತಿದ್ದ ಕಾಲ. ರಾಗಿ ಉಂಡು ಬೆಳೆದ ಜನಕ್ಕೆ ಗೋಧಿಯನ್ನು ಏನು ಮಾಡಬೇಕೆಂದೇ ತಿಳಿಯದು. ಚಪಾತಿ ತಟ್ಟಿದರೆ ಗಂಡಸರು ಅದನ್ನು ಕೈಯಲ್ಲಿ ಹಿಡಿದು, "ಇದನ್ನ ಉಣ್ಣೋದೋ, ಕಾಲಿಗೆ ಹಾಕ್ಕೊಳ್ಳೋದೋ?" ಎನ್ನುತ್ತಿದ್ದರು. ಕೊನೆಗೆ ಎಲ್ಲ ಮನೆಯವರೂ ರಾಗಿಗೇ ಗೋಧಿ ಬೆರೆಸಿ, ಮಿಷನ್ನಿನಲ್ಲಿ ಹಿಟ್ಟು ಮಾಡಿಸಿ, ಮುದ್ದೆ ಕಟ್ಟತೊಡಗಿದರು. ಮುದ್ದೆ ಅಂಟಂಟಾದರೂ ಹೊಟ್ಟೆ ತುಂಬುತ್ತಿತ್ತು.

ಅಷ್ಟು ಉಣ್ಣುವ ಹುಡುಗಿ ಗೌರಿಹಬ್ಬದ ಹೊತ್ತಿಗೆ ಒಣಗಿಹೋದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದುಕೊಂಡಿತ್ತು. ಉಂಡದ್ದು ನಿಲ್ಲದೆ, ಹೊಲದ ಕಡೆ ಹೋಗಲು ಹೊತ್ತುಗೊತ್ತಿಲ್ಲದೆ ಚೊಂಬು ಹಿಡಿಯುತ್ತಿದ್ದಳು. ತವರಿಗೆ ಕಳಿಸಿದರೆ ತಿಂಗಳೊಪ್ಪತ್ತಿನಲ್ಲಿ ಕೆನ್ನೆ ತುಂಬಿಕೊಂಡು ಬರುತ್ತಿದ್ದಳು; ಇಲ್ಲಿ ನಾಲ್ಕು ದಿನ ಉಂಡರೆ ಮತ್ತೆ ಅದೇ ಕಥೆ. ಹೀಗೆ ಎರಡು ಸಲವಾಯಿತು. ಊರ ಬಾಯಿಗೆ ಇನ್ನೇನು ಬೇಕು?

"ಮದ್ದು ಇಕ್ಕವ್ರೆ" ಅಂದರು.

ಮದ್ದು ಅಂದರೆ ಆಗದವರು ಉಣ್ಣುವ ಅನ್ನದಲ್ಲಿ ಬೆರೆಸುವ ವಿಷ, ಒಂದೇ ಸಲ ಕೊಲ್ಲುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ಆ ಮನೆಯಲ್ಲಿ ಒಲೆ ಮುಂದೆ ಕೂರುತ್ತಿದ್ದವಳು ಬೈರಮ್ಮ ಒಬ್ಬಳೇ. ಅವಳಿಗಿದ್ದದ್ದು ಒಬ್ಬಳೇ ಮಗಳು, ಗಂಡುಮಕ್ಕಳಿರಲಿಲ್ಲ. ಕಿರಿಯ ಸೊಸೆಯ ಹೊಟ್ಟೆಯಲ್ಲಿ ಗಂಡು ಹುಟ್ಟಬಾರದೆಂದು ವಾರಗಿತ್ತಿ ಮದ್ದಿಕ್ಕಿದಳು ಎಂದು ಬಾವಿಕಟ್ಟೆಯಲ್ಲಿ ತೀರ್ಪಾಗಿಹೋಯಿತು. ಬೈರಮ್ಮ ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವಳು ಕೊಟ್ಟ ಮಜ್ಜಿಗೆಯನ್ನು ಪಕ್ಕದ ಮನೆಯವಳು ಬೇಲಿಗೆ ಚೆಲ್ಲಿದ್ದನ್ನು ಅವಳೇ ಕಣ್ಣಾರೆ ಕಂಡಳು. ಮಗಳು ಮೈನೆರೆದು ವರ್ಷವಾಗಿತ್ತು; ಮದ್ದಿಕ್ಕುವವಳ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ?

ಮುಳಬಾಗಿಲಿನ ಆಚೆ ಮದ್ದು ತೆಗೆಯುವವನೊಬ್ಬನಿದ್ದ. ಆಂಜಿನಮ್ಮನ ತಾಯಿ ವೆಂಕಟರತ್ನಮ್ಮ ಮಗಳನ್ನು ಅಲ್ಲಿಗೆ ಕರೆದೊಯ್ದಳು. ಅವನು ಏನೋ ಬೇರು ಅರೆದು ಕುಡಿಸಿ ವಾಂತಿ ಮಾಡಿಸಿ, ಕರಿಯ ಉಂಡೆಯೊಂದನ್ನು ಎತ್ತಿ ತೋರಿಸಿದ. ಅದಾದ ಮೇಲೆ ಹುಡುಗಿ ಎದ್ದು ನಿಲ್ಲಲಾರದೆ ಹೋದಳು. ಆಗ ಕದಿರಪ್ಪ ಯಾರ ಮಾತನ್ನೂ ಕೇಳದೆ ಹೆಂಡತಿಯನ್ನು ದೂರದ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದ. ಅಲ್ಲಿ ಬಾಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಈ ಕರುಳಿಗೆ ಗೋಧಿ ಆಗದು, ಜನ್ಮದಲ್ಲಿ ಒಂದು ಕಾಳೂ ಕೂಡದು ಎಂದರು ಡಾಕ್ಟರು. ತವರಿನಲ್ಲಿ ಗೋಧಿ ಕೂಲಿ ಇರಲಿಲ್ಲ; ಅಲ್ಲಿ ಚೇತರಿಸಿಕೊಳ್ಳುತ್ತಿದ್ದದ್ದು ಅದಕ್ಕೇ. ಕರುಳು ಮಾಯುವವರೆಗೆ ಬರೀ ಅನ್ನದ ಗಂಜಿ. ಆಮೇಲೆ ಒಂದೊಂದೇ ಪದಾರ್ಥ ಕೊಟ್ಟು, ಒಂದು ವಾರ ಕಾದು, ಒಗ್ಗಿದರೆ ಇನ್ನೊಂದು. ರಾಗಿಯಲ್ಲಿ ಗೋಧಿಯ ದೋಷವಿಲ್ಲ, ಆದರೂ ಅದನ್ನು ಕಡೆಗೆ ಕೊಡಿ ಎಂದರು.

"ಗೋಧಿಯಂತೆ! ಊರೆಲ್ಲ ಅದನ್ನೇ ಉಣ್ತಿಲ್ವಾ?" ಎಂದು ಜನ ನಕ್ಕರು. ಅವರಿಗೆ ಮದ್ದೇ ಸಾಕಾಗಿತ್ತು.

ಮನೆಯಲ್ಲಿ ಗೋಧಿ ನಿಂತಿತು, ಚೀಲವನ್ನು ಕದಿರಪ್ಪನೇ ಯಾರಿಗೋ ಕೊಟ್ಟುಬಂದ. ಇನ್ನು ಆಂಜಿನಮ್ಮನಿಗೆ ಇಕ್ಕುವವರು ಯಾರು? ಅತ್ತೆ, "ನಾನಿಕ್ತೀನಿ ಬಿಡು ಬೈರಿ, ನಿನಗ್ಯಾಕೆ ಮಾತು" ಎಂದಳು. ಬೈರಮ್ಮ ಒಪ್ಪಲಿಲ್ಲ. ಈಗ ಕೈ ಹಿಂದೆಗೆದರೆ ಊರು ಅಂದದ್ದು ನಿಜವಾದಂತೆ.

ಮೊದಲು ಹಾಲು. ಆಂಜಿನಮ್ಮ ಲೋಟ ತೆಗೆದುಕೊಳ್ಳುವ ಮುಂಚೆ ವಾರಗಿತ್ತಿಯ ಕೈಯನ್ನೇ ಒಂದು ಗಳಿಗೆ ನೋಡಿದಳು. ಬೈರಮ್ಮ ಅದೇ ಪಾತ್ರೆಯಿಂದ ತಾನೂ ಒಂದು ಲೋಟ ಬಗ್ಗಿಸಿಕೊಂಡು ಎದುರಿಗೇ ಕುಡಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಹಾಲು ಒಗ್ಗಿತು. ಹೆಸರುಬೇಳೆಯ ಕಟ್ಟು ಒಗ್ಗಿತು. ದಂಟಿನಸೊಪ್ಪು, ಆಮೇಲೆ ಅವರೆಕಾಳಿನ ಸಾರು. ಒಂದೊಂದು ಹೊಸ ತುತ್ತಿಗೂ ಬೈರಮ್ಮ ಬೆಳಗಿನ ಜಾವ ಕಿವಿಗೊಟ್ಟು ಮಲಗುತ್ತಿದ್ದಳು. ಹಿತ್ತಲಲ್ಲಿ ಚೊಂಬಿನ ಸದ್ದು ಒಂದು ಸಲ ಕೇಳಿದರೆ ಸರಿ, ಮತ್ತೆ ಮತ್ತೆ ಕೇಳಿದರೆ ತನ್ನ ಗತಿ ಮುಗಿಯಿತು. ಹುಡುಗಿಯ ಮುಖಕ್ಕೆ ಕಳೆ ಬಂತು.

ಕಡೆಗೆ ರಾಗಿ. ಹೊಸದಾಗಿ ಹಿಟ್ಟು ಮಾಡಿಸಿ, ಹೂವಿನಂಥ ಮುದ್ದೆ ಕಟ್ಟಿ ಬೈರಮ್ಮ ತಟ್ಟೆಗೆ ಹಾಕಿದಳು. "ಎಷ್ಟು ದಿನ ಆಗಿತ್ತಕ್ಕ!" ಎಂದು ಆಂಜಿನಮ್ಮ ಬೆರಳು ನೆಕ್ಕಿ ಉಂಡಳು. ವಾರ ತುಂಬುವುದರೊಳಗೆ ಹೊಟ್ಟೆ ಬಿಗಿಯಿತು. ಚೊಂಬಿನ ಸದ್ದು ಶುರುವಾಯಿತು.

ಸುದ್ದಿ ಹೋದದ್ದೇ ತಡ, ವೆಂಕಟರತ್ನಮ್ಮ ಬಂದು ಬೀದಿಯಲ್ಲೇ ನಿಂತು ಎದೆ ಬಡಿದುಕೊಂಡಳು. ಕೋಪ ಬಂದರೆ ಅವಳ ಬಾಯಿಗೆ ತೆಲುಗೇ ಬರುವುದು. "ನಾ ಬಿಡ್ಡನಿ ಚಂಪೇಸ್ತುಂದಿ!" ತನ್ನ ಮಗಳನ್ನು ಬೈರಮ್ಮ ಕೊಂದುಹಾಕುತ್ತಾಳಂತೆ. ಬೀದಿಯವರಿಗೆಲ್ಲ ತೆಲುಗು ಬರುತ್ತಿತ್ತು. ಮಗಳಿಗೆ ಸ್ವಲ್ಪ ಕೈಕಾಲು ಆಡಿದ ಕೂಡಲೇ ಕರೆದುಕೊಂಡು ಹೋಗುತ್ತೇನೆ, ಮತ್ತೆ ಕಳಿಸುವುದಿಲ್ಲ ಎಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಳು. ತನ್ನ ಕೈಯಾರೆ ಗಂಜಿ ಕಾಯಿಸಿ ಕುಡಿಸತೊಡಗಿದಳು. ಗಂಜಿಗೆ ಹುಡುಗಿ ಮತ್ತೆ ಚೇತರಿಸಿಕೊಂಡಳು. ಅದೂ ಬೈರಮ್ಮನಿಗೇ ಸುತ್ತಿಕೊಂಡಿತು.

ಆ ನಡುವೆ ಒಂದು ದಿನ ಬೈರಮ್ಮ ಮಿಷನ್ನಿಗೆ ಹೋಗಿದ್ದಳು. ಅವಳ ಮುಂದಿನ ಹೆಂಗಸು ಗೋಧಿ ಹಾಕಿಸುತ್ತಿದ್ದಳು. ಅದು ಮುಗಿಯುತ್ತಲೇ, ಬೆಲ್ಟು ನಿಲ್ಲಿಸದೆ, ಮಿಷನ್ನಿನವನು ಬೈರಮ್ಮನ ರಾಗಿಯನ್ನು ಮೇಲಿನಿಂದ ಸುರಿದ. ಬಟ್ಟೆಯ ಕೊಳವೆಯಿಂದ ಮೊದಲು ಬಿಳಿ ಹಿಟ್ಟು ಬಿತ್ತು, ಆಮೇಲೆ ಬೂದುಬಣ್ಣ ತಿರುಗಿತು.

"ಅಯ್ಯೋ, ನನ್ನ ಹಿಟ್ಟೆಲ್ಲಾ ನಿನ್ನ ಡಬ್ಬಕ್ಕೆ ಹೋಯ್ತಲ್ಲೇ!" ಎಂದಳು ಗೋಧಿಯವಳು.

"ಹಿಂದೆ ಬಂದೋರ ಪುಣ್ಯ ಬಿಡಮ್ಮ" ಎಂದು ಮಿಷನ್ನಿನವನು ನಕ್ಕ.

ಗೋಧಿಯವರ ಹಿಂದೆ ನಿಲ್ಲುವುದೇ ಅದೃಷ್ಟ ಎಂದು ಊರ ಹೆಂಗಸರೆಲ್ಲ ಅಂದುಕೊಂಡಿದ್ದರು. ಬೈರಮ್ಮನೂ ಹಾಗೇ ಅಂದುಕೊಂಡಿದ್ದಳು. ಇಂದು ಡಬ್ಬದಲ್ಲಿ ಕೈಯಾಡಿಸಿ ಬಿಳಿ ಹಿಟ್ಟನ್ನು ಮೇಲೆತ್ತಿ ನೋಡಿದಳು. ಒಂದು ಕಾಳೂ ಕೂಡದು ಎಂದಿದ್ದರು ಡಾಕ್ಟರು. ಇಲ್ಲಿ ಬೊಗಸೆಗಟ್ಟಲೆ ಬಿದ್ದಿತ್ತು.

ಮಿಷನ್ ಬಂದ ಮೇಲೆ ರಾಗಿಕಲ್ಲು ದನದ ಕೊಟ್ಟಿಗೆ ಸೇರಿತ್ತು. ಗಂಡ ಚನ್ನರಾಯಪ್ಪನ ಕೈಲಿ ಅದನ್ನು ಉರುಳಿಸಿಕೊಂಡು ಬಂದು, ಉಜ್ಜಿ ತೊಳೆದು ಒಣಗಿಸಿ, ಮೊದಲ ಬೀಸಿನ ಹಿಟ್ಟನ್ನು ಎಮ್ಮೆಗೆ ಹಾಕಿ, ಆಮೇಲೆ ಬೀಸಲು ಕೂತಳು. ರಾಗಿಕಲ್ಲಿನ ಮುಂದೆ ಕೂತರೆ ತಾನಾಗಿ ಬರುತ್ತಿದ್ದ ಪದ ಅಂದು ಬರಲಿಲ್ಲ. ಕಲ್ಲಿನ ಗುಡುಗುಡು ಸದ್ದೊಂದೇ.

ಮುದ್ದೆ ಕಟ್ಟಿ ಪಡಸಾಲೆಗೆ ತಂದಾಗ ವೆಂಕಟರತ್ನಮ್ಮ ಎದ್ದು ಅಡ್ಡ ನಿಂತಳು. "ಏನಮ್ಮಾ ಬೈರಮ್ಮ, ಇನ್ನೂ ಆಸೆ ತೀರಿಲ್ವಾ ನಿನಗೆ?"

"ಕಲ್ಲಲ್ಲಿ ಬೀಸಿದ್ದು ದೊಡ್ಡಮ್ಮ. ಮಿಷನ್ ಹಿಟ್ನಲ್ಲಿ ಗೋಧಿ ಸೇರ್ತಿತ್ತು. ಇದೊಂದು ಸಲ ಉಣ್ಣಲಿ."

"ಏನಾದ್ರೂ ಆದ್ರೆ?"

"ಆದ್ರೆ ಊರೋರು ಅಂದಿದ್ದು ನಿಜ ಅಂತ ನಾನೇ ಬಾವಿಕಟ್ಟೆ ಮೇಲೆ ನಿಂತು ಕೂಗ್ತೀನಿ. ನನ್ನ ಮಗಳನ್ನ ಯಾರೂ ಕಟ್ಕೊಳ್ದಿದ್ರೂ ಸರಿ."

ದೊಡ್ಡಗಂಗಮ್ಮ, "ಬಾಯ್ಮುಚ್ಚೇ, ಬಿಡ್ತು ಅನ್ನು!" ಎಂದು ಗದರಿದಳು. ಗೋಡೆಗೆ ಆತು ಕೂತಿದ್ದ ಆಂಜಿನಮ್ಮ ತಾಯಿಯ ಸೆರಗಿನ ಪಕ್ಕದಿಂದ ಕೈ ಚಾಚಿ ತಟ್ಟೆ ಎಳೆದುಕೊಂಡಳು.

"ವದ್ದೇ, ಬೇಡ್ವೇ!" ಎಂದಳು ತಾಯಿ.

"ಇರಮ್ಮ. ಹೊಟ್ಟೆ ನನ್ನದು ತಾನೆ?"

ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದಳು. ಬೈರಮ್ಮ ಎದುರಿಗೆ ಕೂತು ತಾನೂ ಉಂಡಳು.

ಆಮೇಲಿನ ದಿನಗಳನ್ನು ಆ ಮನೆ ಉಸಿರು ಹಿಡಿದು ಕಳೆಯಿತು. ವೆಂಕಟರತ್ನಮ್ಮ ಮಗಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡುವಳು. ಬೆಳಗಾದರೆ ಹಿತ್ತಲಲ್ಲಿ ಚೊಂಬಿನ ಸದ್ದು ಒಂದು ಸಲ; ಬೈರಮ್ಮ ಇನ್ನೊಂದಕ್ಕೆ ಕಾಯುವಳು; ಬರುತ್ತಿರಲಿಲ್ಲ. ಒಂದು ದಿನ ಹುಡುಗಿ ಹೊಟ್ಟೆ ಹಿಡಿದು ಬಗ್ಗಿದಾಗ ಎಲ್ಲರೂ ಓಡಿಬಂದರು. "ಏನಿಲ್ಲ, ಹಸಿವು" ಎಂದಳು. ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಕೊನೆಗೆ ಒಂದು ಮಧ್ಯಾಹ್ನ ವೆಂಕಟರತ್ನಮ್ಮ ತಾನಾಗಿ ಅಡುಗೆಮನೆಗೆ ಬಂದು ತಟ್ಟೆ ಹಾಕಿಕೊಂಡು ಕೂತಳು. ತಪ್ಪಾಯಿತು ಅನ್ನಲಿಲ್ಲ. ಉಂಡು, "ಇನ್ನರ್ಧ ಮುದ್ದೆ ಹಾಕು" ಎಂದಳು. ಬೈರಮ್ಮ ಇಡೀ ಮುದ್ದೆಯನ್ನೇ ಹಾಕಿದಳು.

ಆಂಜಿನಮ್ಮ ಆಮೇಲೆ ಗಟ್ಟಿಯಾಗಿ ನಿಂತಳು. ಮದುವೆ ಮನೆಗೆ ಹೋದರೆ ಗೋಧಿ ಕಣಕದ ಒಬ್ಬಟ್ಟು ಬಡಿಸಿದ ಎಲೆಯಿಂದ ಏಳುವಳು. ಉಪ್ಪಿಟ್ಟು ಕೊಟ್ಟವರ ಮುಂದೆ, "ನನ್ನ ಕರುಳು ರಾಗಿ ಜಾತೀದು" ಎಂದು ನಗುವಳು. ಬೈರಮ್ಮನ ಮಗಳಿಗೆ ಶ್ರೀನಿವಾಸಪುರದ ಕಡೆಯಿಂದ ಗಂಡು ಹುಡುಕಿ ಕೊಟ್ಟವಳೂ ಅವಳೇ. ಎಂಬತ್ತೆರಡರಲ್ಲಿ ಆಂಜಿನಮ್ಮ ಹೆಣ್ಣುಮಗು ಹೆತ್ತಳು. ಮರುವರ್ಷ ಕದಿರಪ್ಪನಿಗೆ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸವಾಗಿ ಅವರು ಅಲ್ಲಿಗೆ ಬಿಡಾರ ಎತ್ತಿದರು. ಆಮೇಲೆ ಅವಳು ಎಷ್ಟೋ ಸಲ ಬಂದು ಹೋದಳು, ತಂದು ಕೊಟ್ಟಳೇ ಹೊರತು ಏನನ್ನೂ ಕೇಳಲಿಲ್ಲ. ಬೈರಮ್ಮನನ್ನು ಅವಳು ಕೇಳಿದ್ದು ಹಾಗೆ ಹೊರಡುವ ತಿಂಗಳ ಮುಂಚೆ, ಅದೇ ಕೊನೆ.

ಅಂದು ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕೈಯಲ್ಲಿ ಬಟ್ಟಲು. ಅದರಲ್ಲಿದ್ದದ್ದು ಗೋಧಿ ಹಿಟ್ಟಿನ ಗಂಜಿ.

"ಇದ್ಯಾಕೇ ಮನೆಯೊಳಗೆ ತಂದೆ?" ಎಂದು ಬೈರಮ್ಮ ಬೆಚ್ಚಿದಳು.

"ನನ್ನ ಕರುಳು ಇವಳಿಗೂ ಬಂದಿರಬಹುದಂತೆ ಅಕ್ಕ. ಇಕ್ಕಿ ನೋಡಿ, ಒಗ್ಗದಿದ್ರೆ ಕರ್ಕೊಂಡ್ಬನ್ನಿ ಅಂದವ್ರೆ ಡಾಕ್ಟರು. ಎರಡು ಸಲ ಬಾಯಿವರೆಗೂ ತಂದೆ. ಆಗ್ಲಿಲ್ಲ."

"ನನ್ನ ಕೈಲಾ? ಹೆಚ್ಚುಕಮ್ಮಿ ಆದ್ರೆ ಮತ್ತೆ ನಾನು…"

"ಆದ್ರೆ ಗೋಧಿಯಿಂದ ಆಯ್ತು ಅಂತೀನಿ." ಆಂಜಿನಮ್ಮ ಮಗುವನ್ನು ಇಳಿಸಿ ಬೈರಮ್ಮನ ಮಡಿಲಿಗೆ ಹಾಕಿದಳು, ಬಟ್ಟಲನ್ನು ಪಕ್ಕಕ್ಕೆ ಇಟ್ಟಳು. "ಮೊದಲ ತುತ್ತು ನೀನೇ ಇಕ್ಕಕ್ಕ."