ಕ್ರೀಮಿಗೆ ಹೆಪ್ಪು ಹಾಕಿದ ದಿನ

ನಂದಿನಿ, ಕಿರಣ, ನಿಮ್ಮ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಹಿಂಬಾಗಿಲು ತೆಗೆದು ಹೌಹಾರಿದೆ. ಹಿತ್ತಿಲೇ ಇರಲಿಲ್ಲ. ಒಂದಿಷ್ಟು ಹುಲ್ಲು, ಅದರಾಚೆ ನೀರು, ನೀರಿನಾಚೆ ಇನ್ಯಾರದೋ ಮನೆ. ಕೆರೆ ಒಡೆದು ಊರು ಮುಳುಗಿತೆಂದು ನಿಮ್ಮಮ್ಮನನ್ನು ಕೂಗಿ ಎಬ್ಬಿಸಿದೆ.

"ಅಮ್ಮಾ, ಅದು ಲಗೂನು. ಫಾಸ್ಟರ್ ಸಿಟಿ ಇರೋದೇ ಹೀಗೆ. ಹೋಗಿ ಮಲಕ್ಕೋ," ಎಂದಳು ಸಾವಿತ್ರಿ.

ಸಮುದ್ರದ ನೀರನ್ನು ಊರೊಳಕ್ಕೆ ತಂದು ಕೆರೆಯ ಹಾಗೆ ನಿಲ್ಲಿಸಿದ್ದಕ್ಕೆ ಇಲ್ಲಿ ಲಗೂನು ಅನ್ನುತ್ತಾರೆ. ಬಟ್ಟೆ ಒಗೆಯುವವರಿಲ್ಲ, ಎಮ್ಮೆ ಇಳಿಯುವುದಿಲ್ಲ. ಬಾತುಕೋಳಿಗಳು ಮಾತ್ರ ಯಜಮಾನರಂತೆ ಓಡಾಡಿಕೊಂಡಿರುತ್ತವೆ.

ಆಗ ಎಂಬತ್ತನಾಲ್ಕನೇ ಇಸವಿ. ನಿಮ್ಮ ತಾತ ತೀರಿಕೊಂಡಿದ್ದರು. ಇರುವ ಒಬ್ಬಳೇ ಮಗಳು ಕರೆಸಿಕೊಂಡಳೆಂದು ಹಾಸನದ ಹತ್ತಿರದ ನಮ್ಮ ಊರಿನ ಮನೆಗೆ ಬೀಗ ಹಾಕಿ ಬಂದೆ. ಅಲ್ಲಿ ಅತ್ತೆಯಾದವಳು ಅಳಿಯನ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಉಳಿದರೆ ಆಡಿಕೊಳ್ಳುತ್ತಾರೆ. ಇಲ್ಲಿ ಆಡಿಕೊಳ್ಳಲೂ ಯಾರಿಲ್ಲ. ನಿಮ್ಮಮ್ಮ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸು, ಅಪ್ಪನಿಗೆ ಆಫೀಸು, ನಿಮಗೆ ಸ್ಕೂಲು. ಹಗಲೆಲ್ಲ ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಕೇಳುತ್ತ ಕೂತಿರುತ್ತಿದ್ದೆ.

ನನ್ನ ಮೊದಲ ಗೆಲುವು ಮೊಸರು. ಊರಿಂದ ಹೊರಡುವಾಗ ಬಟ್ಟೆಯ ತುಂಡೊಂದನ್ನು ಮೊಸರಿನಲ್ಲಿ ಅದ್ದಿ ಒಣಗಿಸಿ, ಕಡೆಗೋಲಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅಷ್ಟು ಪ್ರಯಾಣ ಮಾಡಿಯೂ ಆ ಹೆಪ್ಪು ಬದುಕಿತ್ತು. ಆದರೆ ಇಲ್ಲಿಯ ಚಳಿಗೆ ಹಾಲು ಹಾಲಾಗಿಯೇ ಉಳಿಯುತ್ತಿತ್ತು. ಗ್ಯಾಸಿನ ಒಲೆಯ ಕೆಳಗೆ ಓವನ್ ಎಂಬ ಗೂಡಿದೆಯಲ್ಲ, ಅದರೊಳಗೆ ಪೈಲಟ್ ಅನ್ನುವ ಚಿಕ್ಕ ಉರಿ ನಂದಾದೀಪದ ಹಾಗೆ ಸದಾ ಇರುತ್ತದೆ. ಪಾತ್ರೆಯನ್ನು ಅಲ್ಲಿಟ್ಟ ಮೇಲೆ ಗಟ್ಟಿ ಮೊಸರಾಯಿತು. ನಿಮ್ಮಪ್ಪ ಬಡಿಸಿಕೊಂಡು ತಿಂದು, "ಅತ್ತೇ, ನೀವು ಇಲ್ಲೇ ಇದ್ಬಿಡಿ," ಎಂದರು. ನಾನು ಇನ್ನೊಂದು ಸೌಟು ಮೊಸರು ಬಡಿಸಿದೆ.

ಆ ಮಾತಿಗೆ ಉತ್ತರ ನಿನ್ನಲ್ಲಿತ್ತು, ನಂದಿನಿ. ನಿನಗಾಗ ಹತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ನೀನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಸ್ಕೂಲು ಬಿಡುವ ಹೊತ್ತಿಗೆ ನಾನು ಕರೆದುಕೊಂಡು ಹೋಗಲು ಬಂದರೆ, "ಗೇಟ್ ಹತ್ರ ಬೇಡ ಅಜ್ಜಿ, ಕಾರ್ನರಲ್ಲಿ ನಿಲ್ಲು," ಅನ್ನುತ್ತಿದ್ದೆ. ನನಗೂ ನಾಚಿಕೆ ಹೆಚ್ಚು, ತಿರುವಿನಲ್ಲೇ ನಿಲ್ಲುತ್ತಿದ್ದೆ. ಆದರೂ, ಮೊಮ್ಮಗಳಿಗೆ ಬೇಡವಾದ ಕಡೆ ಬೇರೂರುವುದು ಹೇಗೆ ಎಂದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ನಿಮ್ಮ ತರಗತಿಯಲ್ಲಿ ಈ ದೇಶಕ್ಕೆ ಹಡಗಿನಲ್ಲಿ ಬಂದು ನೆಲೆಸಿದ ಮೊದಲಿಗರ ಪಾಠ ನಡೆಯುತ್ತಿತ್ತು. ಒಂದು ದಿನ ಮಕ್ಕಳೆಲ್ಲ ಅವರ ಹಾಗೆ ಉಡುಪು ತೊಟ್ಟು, ಅವರ ಹಾಗೆ ಕೆಲಸ ಮಾಡಬೇಕೆಂದು ಟೀಚರು ಹೇಳಿದ್ದರು. ನಿನ್ನ ಪಾಲಿಗೆ ಬಂದದ್ದು ಬೆಣ್ಣೆ.

"ಕ್ರೀಮು ಫ್ರಿಜ್ಜಲ್ಲಿದೆ ಅಮ್ಮ, ನಂದಿನಿ ನಾಳೆ ಬೆಣ್ಣೆ ತೆಗೀಬೇಕಂತೆ," ಎಂದು ಹೇಳಿ ಸಾವಿತ್ರಿ ರಾತ್ರಿ ಪಾಳಿಗೆ ಹೋದಳು. ಬೆಣ್ಣೆ ತೆಗೆಯಲು ಬೇಕಾದ ಕೆಲಸ ಸಂಜೆಯೇ ಆಗಬೇಕಲ್ಲ? ಕ್ರೀಮನ್ನೆಲ್ಲ ಪಾತ್ರೆಗೆ ಸುರಿದು, ಉಗುರುಬೆಚ್ಚಗೆ ಮಾಡಿ, ಹೆಪ್ಪು ಹಾಕಿ ಓವನ್ನಿನಲ್ಲಿಟ್ಟೆ. ನಿನಗೊಂದು ಉಪಕಾರ ಮಾಡಿದೆನೆಂಬ ಸಂತೋಷದಲ್ಲಿ ಮಲಗಿದೆ.

ಬೆಳಿಗ್ಗೆ ಮುಚ್ಚಳ ತೆಗೆದ ನೀನು, "ಯಕ್! ಅಜ್ಜಿ ಎಲ್ಲಾ ಹಾಳ್ ಮಾಡಿದ್ಲು!" ಎಂದು ಅತ್ತೆ.

ಆಗತಾನೆ ಮನೆಗೆ ಬಂದ ಸಾವಿತ್ರಿ ಹಣೆ ಹಿಡಿದುಕೊಂಡಳು. "ಕೇಳ್ಬಾರ್ದಿತ್ತಾ ಅಮ್ಮ? ಇಲ್ಲಿ ಕ್ರೀಮನ್ನ ಹಾಗೇ ಜಾರಲ್ಲಿ ಹಾಕಿ ಅಲ್ಲಾಡಿಸ್ತಾರೆ, ಅಷ್ಟೇ."

"ಹೆಪ್ಪು ಹಾಕದೆ ಬೆಣ್ಣೆ ಎಲ್ಲಿಂದ ಬರುತ್ತೆ ಸಾವಿತ್ರಿ?"

ಮತ್ತೆ ತರಲು ಹೊತ್ತಿರಲಿಲ್ಲ. ನೀನು ಕಣ್ಣೊರೆಸಿಕೊಂಡು, "ನೀನೇ ಬಂದು ನಮ್ಮ ಟೀಚರ್‌ಗೆ ಹೇಳು," ಎಂದೆ. ಬೈಗುಳದಂತಿತ್ತು ಆ ಮಾತು. ಪಾತ್ರೆ, ಕಡೆಗೋಲು ಹಿಡಿದು ನಿನ್ನ ಹಿಂದೆ ನಡೆದೆ. ತಿರುವಿನಲ್ಲಿ ನಿಂತೆ. ನೀನು ಹಿಂದಿರುಗಿ ನೋಡಿ, "ಕಮಾನ್ ಅಜ್ಜಿ," ಎಂದಾಗ ಮೊದಲ ಸಲ ಆ ಗೇಟು ದಾಟಿದೆ.

ಟೀಚರು ಮೂಸಿ ನೋಡಿ, ಸ್ವಲ್ಪ ಯೋಚಿಸಿ, ನಕ್ಕರು. ಆ ಕಾಲದವರ ಮನೆಯಲ್ಲಿ ಫ್ರಿಜ್ ಎಲ್ಲಿತ್ತು, ಕೆನೆ ಹುಳಿಯಾಗಿಯೇ ಆಗುತ್ತಿತ್ತು ಎಂದರಂತೆ. ಆಮೇಲೆ ನನ್ನನ್ನು ಎಲ್ಲರ ಮುಂದೆ ಕೂರಿಸಿ, ನೀವೇ ಶುರುಮಾಡಿ ಎಂದು ಕೈಸನ್ನೆ ಮಾಡಿದರು. ನನ್ನ ಕೈ ಏಳಲಿಲ್ಲ. ಗಂಡ ಹೋದ ಮೇಲೆ ನಮ್ಮ ಊರಿನಲ್ಲಿ ಯಾವ ಒಳ್ಳೆಯ ಕೆಲಸವನ್ನೂ ನನ್ನಿಂದ ಶುರುಮಾಡಿಸಿದವರಿಲ್ಲ. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ! ಸೆರಗು ಸಿಕ್ಕಿಸಿ ಕಡೆಗೋಲು ಹಿಡಿದು ಕಡೆಯತೊಡಗಿದೆ.

ಕಾಗದದ ಟೋಪಿ ಹಾಕಿಕೊಂಡ ಮಕ್ಕಳು ಸರದಿಯಲ್ಲಿ ಕಡೆದರು. ಟೀಚರು ಕಥೆ ಹೇಳುತ್ತಿದ್ದರು, ನೀನು ನನ್ನ ಪಕ್ಕ ಕೂತು ತಡವರಿಸುತ್ತ ಕನ್ನಡ ಮಾಡುತ್ತಿದ್ದೆ, ಎಲ್ಲರೆದುರು, ಗಟ್ಟಿಯಾಗಿ. ಹಡಗಿನಲ್ಲಿ ಬಂದ ಅವರಿಗೂ ನನ್ನ ಹಾಗೆ ಒಂದೊಂದೇ ಪೆಟ್ಟಿಗೆಯಂತೆ. ಮೊದಲ ಚಳಿಗಾಲದಲ್ಲಿ ಎಷ್ಟೋ ಜನ ಸತ್ತರಂತೆ. ಅಲ್ಲಿ ಮೊದಲಿಂದ ಇದ್ದ ಜನ ಮುಸುಕಿನ ಜೋಳ ಬೆಳೆಯುವುದನ್ನು ಹೇಳಿಕೊಟ್ಟರಂತೆ. ಆಮೇಲೆ ಬಂದವರು ಅವರ ನೆಲವನ್ನೇ ಕಿತ್ತುಕೊಂಡರಂತೆ.

"ಗಂಡ ಸತ್ತ ಹೆಂಗಸರು ಏನು ಮಾಡಿದ್ರು, ಕೇಳು ಪುಟ್ಟಿ."

ನೀನು ಕೇಳಿ ಬಂದು ಹೇಳಿದೆ: "ಹೊಲದಲ್ಲಿ ಕೆಲ್ಸ ಮಾಡಿದ್ರಂತೆ. ಮತ್ತೆ, ಇನ್ನೊಂದ್ ಮದ್ವೆ ಆದ್ರಂತೆ ಅಜ್ಜಿ!"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅಷ್ಟರಲ್ಲಿ ಬೆಣ್ಣೆ ತೇಲಿತು. ಜೋಳದ ರೊಟ್ಟಿಯಂಥ ಬ್ರೆಡ್ಡಿಗೆ ಸವರಿಕೊಂಡು ಎಲ್ಲರೂ ತಿಂದರು. ಮಜ್ಜಿಗೆಯನ್ನು ಮಾತ್ರ ಮೂಸಿ ದೂರವಿಟ್ಟರು. ನೀನೊಬ್ಬಳು ಅವರೆದುರೇ ಲೋಟ ಎತ್ತಿ ಗಟಗಟ ಕುಡಿದೆ. ಬಿಳಿ ಮೀಸೆ ಮೂಡಿತ್ತು, ಒರೆಸಿಕೊಳ್ಳಲಿಲ್ಲ.

ಹುಡುಗಿಯೊಬ್ಬಳು ನನ್ನನ್ನು ತೋರಿಸಿ ಏನೋ ಕೇಳಿದಳು. "ನೀನೂ ಸೆಟ್ಲರಾ ಅಂತ ಕೇಳ್ತಿದಾಳೆ ಅಜ್ಜಿ. ಇಲ್ಲೇ ಇರಕ್ಕೆ ಬಂದಿದೀಯಾ ಅಂತ. ಏನು ಹೇಳ್ಲಿ?"

"ಇನ್ನೂ ಗೊತ್ತಿಲ್ಲ ಅಂತ ಹೇಳು," ಎಂದೆ.

ನೀನು ಇಂಗ್ಲಿಷಿನಲ್ಲಿ ಬೇರೇನೋ ಉದ್ದವಾಗಿ ಹೇಳಿದೆ. ಅದೇನೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ಮಾರನೆಯ ದಿನದಿಂದ ಗೇಟಿನ ಹತ್ತಿರವೇ ನಿಲ್ಲತೊಡಗಿದೆ.

ಇಲ್ಲಿ ಸುಖವಾಗಿದ್ದೇನೆ. ಆದರೂ ಬಾತುಕೋಳಿ ಕೂಗಿದರೆ ನಮ್ಮ ಊರ ಕೆರೆ ಏರಿ ಕಣ್ಣಿಗೆ ಕಟ್ಟುತ್ತದೆ. ಹೋದ ವರ್ಷ ಊರಿಗೆ ಹೋದಾಗ, ಮೂರು ಗಂಟೆಯಾದರೆ ಸಾಕು, ಸ್ಕೂಲು ಬಿಡುವ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಿದ್ದೆ. ಅಂದು ಬಟ್ಟೆಯಲ್ಲಿ ಬಂದ ಹೆಪ್ಪು ಇನ್ನೂ ನಡೆದಿದೆ. ಹೆಪ್ಪು ಊರಿನದು, ಹಾಲು ಇಲ್ಲಿಯದು. ಮೊಸರು ಯಾವೂರಿನದೆಂದು ನೀವೇ ಹೇಳಬೇಕು.

ನೀವು ಕನ್ನಡ ಓದಲು ಕಲಿಯುವವರೆಗೆ ಈ ಹಾಳೆಗಳು ಹಾಳಾಗದಂತೆ ನೋಡಿಕೊಳ್ಳಿ. ಅಡುಗೆಮನೆಯಲ್ಲಿ ಮೇಲಿನ ಡ್ರಾಯರಿನೊಳಗೆ, ಕಡೆಗೋಲಿನ ಪಕ್ಕ ಇಟ್ಟಿದ್ದೇನೆ. ಜಿಡ್ಡುಗೈಯಲ್ಲಿ ಮುಟ್ಟಬೇಡಿ.